ಖಾಲಿ ಕಾಡತೂಸು ತುಂಬಲು ಹೋಗಿ ಗುರಿ ಕಲಿತೆ

ಬೆಳೆ ಕಾಯಲು ಬಂದೂಕು ಇಟ್ಟುಕೊಂಡ ರೈತನಿಗೆ ಕಾಡತೂಸಿನ ಖರ್ಚು ಉಳಿಸುವ ಯೋಚನೆ ಬರುವುದು ಸಹಜ. ನನಗೂ ಬಂತು. ಖಾಲಿ ಕಾಡತೂಸನ್ನು ಮನೆಯಲ್ಲೇ ತುಂಬಿ ಗುರಿ ಹೊಡೆಯುವ ಹವ್ಯಾಸ ಮಾಡಿಕೊಳ್ಳೋಣ ಅಂತ ಹೊರಟವ ನಾನು. ಹಾಗೆ ಹೊರಟು ಎಲ್ಲಿ ಮುಟ್ಟಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮೂರು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯಿಂದ ಒಳಗೆ. ಎಂಟು ಎಕರೆ ಎರೆ ಹೊಲ, ಅದರಲ್ಲಿ ಎರಡು ಎಕರೆಗೆ ಬಾವಿ ನೀರು. ಮುಂಗಾರಿಗೆ ಗೋವಿನಜೋಳ, ಹೆಸರು. ಹಿಂಗಾರಿಗೆ ಬಿಳಿಜೋಳ, ಕಡಲೆ. ನೀರಿದ್ದರೆ ಬೇಸಿಗೆಗೆ ಶೇಂಗಾ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡಹಂದಿ ಬರುತ್ತವೆ. ಒಂದು ರಾತ್ರಿ ಹಿಂಡು ಇಳಿದರೆ ಅರ್ಧ ಎಕರೆ ನೇಗಿಲು ಹೊಡೆದಂತೆ ಆಗುತ್ತದೆ. ಅದಕ್ಕೇ ನಮ್ಮಪ್ಪನ ಕಾಲದಿಂದ ಮನೆಯಲ್ಲಿ ಒಂದು 12 ಬೋರಿನ ಒಂಟಿ ನಳಿಗೆ ಬಂದೂಕು ಇದೆ. ಅವನ ನಂತರ ಪರವಾನಗಿ ನನ್ನ ಹೆಸರಿಗೆ ಆಯಿತು.

ಹೋದ ವರ್ಷ ದಸರಾ ಹೊತ್ತಿಗೆ ಟ್ರಂಕು ಒರೆಸುವಾಗ ಒಂದು ಹಳೇ ಡಾಲ್ಡಾ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಖಾಲಿ ಕಾಡತೂಸು. ಎಣಿಸಿದೆ, ನಲವತ್ಮೂರು ಇದ್ದವು. ಜೊತೆಗೆ ಹಿತ್ತಾಳೆಯ ಒಂದು ಅಳತೆ ಚಮಚ, ಕಾಡತೂಸಿನ ಬಾಯಿ ಮಡಚುವ ಕೈಯಂತ್ರ. ಅಪ್ಪ ಹಿಂದೊಮ್ಮೆ ತಾನೇ ತುಂಬುತ್ತಿದ್ದ ಅನ್ನುವುದು ಅಂದೇ ಗೊತ್ತಾಯಿತು.

ಅಂದಿನಿಂದ ತಲೆಯಲ್ಲಿ ಹುಳ ಹೊಕ್ಕಿತು. ಹೊಸ ಕಾಡತೂಸಿಗೆ ದುಡ್ಡು ಬೇಕು, ಪಟ್ಟಣಕ್ಕೆ ಹೋಗಬೇಕು, ಪರವಾನಗಿ ಪುಸ್ತಕದಲ್ಲಿ ಬರೆಸಬೇಕು. ವರ್ಷಕ್ಕೆ ಇಷ್ಟೇ ಅಂತ ಲೆಕ್ಕವೂ ಇದೆ. ಹಂದಿ ಬೆದರಿಸಲು ಗಾಳಿಯಲ್ಲಿ ಹೊಡೆಯುವುದರಲ್ಲೇ ಅದು ಮುಗಿಯುತ್ತದೆ. ಗುರಿ ಕಲಿಯಲು ಒಂದೂ ಉಳಿಯುವುದಿಲ್ಲ. ಇಪ್ಪತ್ತು ವರ್ಷ ಬಂದೂಕು ಇಟ್ಟುಕೊಂಡು, ಮೂವತ್ತು ಹೆಜ್ಜೆ ದೂರದ ತೆಂಗಿನಕಾಯಿಗೆ ಹೊಡೆಯಲು ಬಾರದು ಅಂದರೆ ಹೇಗೆ? ಖಾಲಿ ಕಾಡತೂಸು ಇವೆ, ಯಂತ್ರ ಇದೆ. ತುಂಬಿಕೊಂಡರೆ ಖರ್ಚೂ ಇಲ್ಲ, ಹವ್ಯಾಸವೂ ಆಯಿತು ಅಂದುಕೊಂಡೆ.

ಡಬ್ಬಿಯನ್ನು ಪಡಸಾಲೆಯಲ್ಲಿ ಇಟ್ಟಿದ್ದೆ. ರಾಮದುರ್ಗ ಕಡೆಯ ನಮ್ಮ ಸೋದರಮಾವ ಹಬ್ಬಕ್ಕೆ ಬಂದಿದ್ದ. ನೋಡಿದ.

"ಅಳಿಯಾ, ಇದನ್ನ ಯಾಕ ಇಳಿಸಿದಿ?"

"ತುಂಬೂಣಂತ ಮಾಡೇನಿ ಮಾವ."

ಮಾವ ಏನೂ ಅನ್ನಲಿಲ್ಲ. ಬಲಗೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡು ಎದ್ದು ಹೋದ. ಆ ಕೈಯಲ್ಲಿ ಹೆಬ್ಬೆರಳು, ತೋರುಬೆರಳು ಇಲ್ಲ. ಕಬ್ಬಿನ ಗಾಣದಲ್ಲಿ ಹೋದವು ಅಂತ ನಾವು ಸಣ್ಣವರಿದ್ದಾಗಿನಿಂದ ಕೇಳಿದ್ದೆವು.

ಕಾಡತೂಸಿನ ಒಳಗೆ ಏನಿರುತ್ತದೆ?

ತುಂಬುವ ಮೊದಲು ತಿಳಿಯಬೇಕು ಅಂತ ಓದಲು ಶುರು ಮಾಡಿದೆ. 12 ಬೋರ್ ಅಂದರೆ ಏನು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಳಿಗೆಯ ಒಳ ಅಗಲಕ್ಕೆ ಸರಿಯಾಗಿ ಕೂರುವ ಸೀಸದ ಉಂಡೆ ಹನ್ನೆರಡು ಸೇರಿದರೆ ಒಂದು ಪೌಂಡು ತೂಗಬೇಕು. ಅದಕ್ಕೇ 12 ಬೋರ್.

ಕಾಡತೂಸಿನಲ್ಲಿ ಮುಖ್ಯ ಐದು ಭಾಗ. ಹೊರಗಿನ ಕೊಳವೆ, ಅದರ ತಳದಲ್ಲಿ ಬಡಿತಕ್ಕೆ ಕಿಡಿ ಕೊಡುವ ಕೇಪು, ಅದರ ಮೇಲೆ ಮದ್ದು, ಮದ್ದಿಗೂ ಸೀಸಕ್ಕೂ ನಡುವೆ ಒಂದು ಬಿಲ್ಲೆ, ಕೊನೆಗೆ ಸೀಸದ ಕಾಳು. ಹಾರಿಸಿದ ಮೇಲೆ ಉಳಿಯುವುದು ಕೊಳವೆ ಮಾತ್ರ. ಬೇರೆ ದೇಶಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಆ ಕೊಳವೆಗೆ ಮತ್ತೆ ಕೇಪು, ಮದ್ದು, ಗುಂಡು ತುಂಬಿಕೊಳ್ಳುವುದು ದೊಡ್ಡ ಹವ್ಯಾಸ. ಅಲ್ಲಿ ಉಳಿತಾಯಕ್ಕಿಂತ ಹೆಚ್ಚಾಗಿ ಒಂದೇ ನಮೂನೆಯ ಹೊಡೆತ ಬರಲಿ ಅಂತ ಮಾಡುತ್ತಾರೆ. ಪ್ರತಿ ಸಲ ಅದೇ ತೂಕದ ಮದ್ದು, ಅದೇ ತೂಕದ ಗುಂಡು. ಎಲ್ಲವನ್ನೂ ವಹಿಯಲ್ಲಿ ಬರೆದಿಡುತ್ತಾರೆ. ಎಲ್ಲಾ ಕಾಡತೂಸು ಹೀಗೆ ಮರಳಿ ಬಳಕೆಗೆ ಬರುವುದಿಲ್ಲ. 0.22 ರೈಫಲ್ಲಿನ ಸಣ್ಣ ಕಾಡತೂಸಿನಲ್ಲಿ ಕಿಡಿಯ ಮದ್ದು ತಳದ ಅಂಚಿನೊಳಗೇ ಇರುತ್ತದೆ. ಒಮ್ಮೆ ಬಡಿದರೆ ಅದರ ಕಥೆ ಮುಗಿಯಿತು.

ನನಗೆ ಹಿಡಿಸಿದ್ದು ಅವರ ತೂಕದ ಲೆಕ್ಕ. ಮದ್ದನ್ನು ಗ್ರಾಂನಲ್ಲಿ ತೂಗುವುದಿಲ್ಲ, 'ಗ್ರೇನ್' ಅನ್ನುವ ಅಳತೆಯಲ್ಲಿ ತೂಗುತ್ತಾರೆ. ಗ್ರೇನ್ ಅಂದರೆ ಕಾಳು. ಹಿಂದೆ ಒಂದು ಜವೆಗೋಧಿ ಕಾಳಿನ ತೂಕದಿಂದ ಹುಟ್ಟಿದ ಅಳತೆ ಅದು. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಂಗೆ ಹದಿನೈದೂವರೆಯ ಹತ್ತಿರ. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಕಾಡತೂಸು ತುಂಬುವ ಕೆಲಸದಲ್ಲಿ ಒಂದು ಗುಲಗಂಜಿ ಹೆಚ್ಚುಕಡಿಮೆ ಆಗುವುದೂ ಸಣ್ಣ ಮಾತಲ್ಲ. ನಾವು ಯೂರಿಯಾವನ್ನು ಬೊಗಸೆಯಲ್ಲಿ ಅಳೆಯುವವರು!

ಇನ್ನೂ ಮುಖ್ಯವಾದ ಮಾತು ಒಂದಿದೆ. ಮದ್ದು ಅಂದರೆ ಎಲ್ಲಾ ಒಂದೇ ಅಲ್ಲ. ಹಳೇ ಕಾಲದ ಕರಿ ಮದ್ದು ಬೇರೆ, ಈಗಿನ ಕಾಡತೂಸಿನ ಹೊಗೆ ಬಾರದ ಮದ್ದು ಬೇರೆ. ಹೊಗೆ ಬಾರದ ಮದ್ದು ಎಬ್ಬಿಸುವ ಒತ್ತಡ ಬಹಳ ಹೆಚ್ಚು. ಒಂದರ ಅಳತೆ ಇನ್ನೊಂದಕ್ಕೆ ಬಳಸಿದರೆ ನಳಿಗೆ ಸಿಡಿಯುತ್ತದೆ. ಅಪ್ಪನ ಹಿತ್ತಾಳೆ ಚಮಚ ಯಾವ ಮದ್ದಿನದು? ಡಬ್ಬಿಯ ಮೇಲೆ ಬರೆದಿರಲಿಲ್ಲ. ಕೇಳಲು ಅಪ್ಪ ಇಲ್ಲ.

ಅಂಗಡಿಯವರ ಮಾತು

ಮದ್ದು, ಕೇಪು ಕೇಳಲು ಪರವಾನಗಿ ಇರುವ ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ನನ್ನ ಪರವಾನಗಿ ಪುಸ್ತಕ ಈಸಿಕೊಂಡು ಕನ್ನಡಕ ಏರಿಸಿ ಓದಿದರು.

"ಯಜಮಾನ್ರ, ಇದರಾಗ ಏನ್ ಬರದಾರ ನೋಡ್ರಿ. ಬೆಳೆ ರಕ್ಷಣೆ. ಬಂದೂಕು ಇಟಗೊಳ್ಳಾಕ, ಇಷ್ಟು ಕಾಡತೂಸು ಕೊಳ್ಳಾಕ ಪರವಾನಗಿ ಐತಿ. ಮಾಡಾಕ ಎಲ್ಲೈತಿ?"

ಅವರು ವಿವರಿಸಿದ್ದನ್ನು ಆಮೇಲೆ ನಾನೂ ಓದಿ ನೋಡಿದೆ. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಾಗಲಿ, ಕಾಡತೂಸಾಗಲಿ ತಯಾರಿಸಲು ಬೇರೆಯೇ ಪರವಾನಗಿ ಬೇಕು. ಅದು ನಮ್ಮಂಥವರ ಬೆಳೆ ರಕ್ಷಣೆ ಪುಸ್ತಕದಲ್ಲಿ ಇರುವುದಿಲ್ಲ. ಆ ಕಲಮು ಮುರಿದರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ. "ಮನ್ಯಾಗ ಮದ್ದು, ಕೇಪು, ಯಂತ್ರ ಕೂಡಿ ಸಿಕ್ಕರ ನೀವು ಹವ್ಯಾಸ ಅಂದ್ರೂ ಅಷ್ಟ, ಏನಂದ್ರೂ ಅಷ್ಟ. ಐವತ್ತು ಕಾಡತೂಸಿನ ರೊಕ್ಕ ಉಳಸಾಕ ಹೊಲ ಮಾರಿ ವಕೀಲರಿಗೆ ಕೊಡತೀರೇನು?"

ಕಾಯ್ದೆ ಓದುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 13ನೇ ಕಲಮಿನಲ್ಲಿ ನಮ್ಮ ಮಾತೇ ಇದೆ. ಬೆಳೆ ರಕ್ಷಣೆಗೆ ಅಂತ ಅದು ಮೊದಲು ಹೇಳುವುದು ಮೂತಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ಮಾತ್ರ ಬೇರೆ ನಮೂನೆ. ಅದೇ ಕಲಮಿನಲ್ಲಿ ಗುರಿ ಅಭ್ಯಾಸವೂ ಇದೆ. ಆದರೆ ಅದು ಮಾನ್ಯತೆ ಪಡೆದ ರೈಫಲ್ ಕ್ಲಬ್ಬು, ಸಂಘಗಳ ಸದಸ್ಯರಿಗೆ. ಬೆಳೆ ಕಾಯುವುದು ಒಂದು ದಾರಿ, ಗುರಿ ಹೊಡೆಯುವುದು ಇನ್ನೊಂದು ದಾರಿ. ಒಂದರ ಪುಸ್ತಕ ಹಿಡಿದು ಇನ್ನೊಂದರಲ್ಲಿ ನಡೆಯಲು ಬಾರದು. ಕೊಡಗಿನ ಸುದ್ದಿ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಅದನ್ನು ನೋಡಿ ಬಂದು ನಮ್ಮ ಹೊಲದಲ್ಲಿ ಮಾಡಲು ಆಗುವುದಿಲ್ಲ.

ಮಾವ ಬಾಯಿ ಬಿಟ್ಟ

ಊರಿಗೆ ಬಂದು ಮಾವನಿಗೆ ಫೋನು ಹಚ್ಚಿ, "ತುಂಬೂದು ಬಿಟ್ಟೆ ಮಾವ, ಕಾಯ್ದೆ ಅಡ್ಡ ಬಂತು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮರುದಿನ ಬಸ್ಸು ಹತ್ತಿ ತಾನೇ ಬಂದ.

"ಕಾಯ್ದೆಗೆ ಅಂಜಿ ಬಿಟ್ಟರ ನಾಳೆ ಮತ್ತ ಹಿಡೀತಿ. ಇದನ್ನ ನೋಡಿ ಬಿಡು" ಅಂತ ಕೈ ಮುಂದೆ ಚಾಚಿದ.

ಗಾಣದ ಮಾತು ಸುಳ್ಳಿತ್ತು. ಅವನ ಮನೆಯಲ್ಲಿ ಹಿಂದೆ ಎರಡು ಬಂದೂಕು ಇದ್ದವು. ಒಂದು ಮೂತಿಯಿಂದ ಮದ್ದು ತುಂಬುವುದು, ಇನ್ನೊಂದು ಕಾಡತೂಸಿನದು. ಮಾವ ಖಾಲಿ ಕಾಡತೂಸು ತುಂಬುತ್ತಿದ್ದ. ಮದ್ದಿನ ಡಬ್ಬಿ ಎರಡು, ಒಂದೇ ನಮೂನೆ, ಮೇಲೆ ಗುರುತು ಇಲ್ಲ. ಒಂದು ಸಂಜೆ ಹಂದಿ ಬಂದವು ಅಂತ ಯಾರೋ ಕೂಗಿದರು. ಲಾಟೀನು ಬೆಳಕಿನಲ್ಲಿ ಗಡಿಬಿಡಿಯಿಂದ ತುಂಬಿದ. ಹೊಲದ ಬದುವಿನಲ್ಲಿ ನಿಂತು ಎಳೆದ. ನಳಿಗೆಯ ಬುಡ ಸೀಳಿತು. ಪರವಾನಗಿಯ ಭಯಕ್ಕೆ ದವಾಖಾನೆಯಲ್ಲಿ ಗಾಣ ಅಂತ ಹೇಳಿದರು. ಆ ಸುಳ್ಳೇ ಗಟ್ಟಿಯಾಗಿ ಉಳಿಯಿತು.

"ನಾ ಸಾವಿರ ಸಲ ಸರಿ ತುಂಬೇನಿ ಅಳಿಯಾ. ತಪ್ಪಿದ್ದು ಒಂದ ಸಲ" ಅಂದ.

ಆಮೇಲೆ ಚಹಾ ಕುಡಿಯುತ್ತ, "ಕಿತ್ತೂರಿನ ಕಥಿ ಮರತ್ಯೇನು? ಮದ್ದಿನ ಮ್ಯಾಲೆ ಕಣ್ಣು ಇರದಿದ್ದರ ಏನಾಕ್ಕೈತಿ ಅಂತ ನಮ್ಮ ನಾಡಿಗೇ ಗೊತ್ತೈತಿ" ಅಂದ.

ಅವನು ಹೇಳಿದ್ದು ನಮ್ಮ ಭಾಗದ ಎಲ್ಲರಿಗೂ ಗೊತ್ತಿರುವ ಮಾತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಬಾಗಿಲಲ್ಲಿ ಥ್ಯಾಕರೆ ಸತ್ತ. ಗುಂಡು ಹೊಡೆದವ ಅಮಟೂರ ಬಾಳಪ್ಪ ಅಂತ ನಮ್ಮ ನಾಡು ಇಂದಿಗೂ ಹಾಡುತ್ತದೆ. ಆದರೆ ಡಿಸೆಂಬರಿನಲ್ಲಿ ಕಂಪನಿ ಸೈನ್ಯ ದೊಡ್ಡದಾಗಿ ಬಂದಾಗ ಕಿತ್ತೂರು ಬಿತ್ತು. ಒಳಗಿನವರೇ ಮದ್ದಿಗೆ ಸೆಗಣಿ, ಕಾಳು ಬೆರೆಸಿದ್ದರಿಂದ ತೋಪು ಹಾರಲಿಲ್ಲ ಅಂತ ಜನ ಹೇಳುತ್ತಾರೆ. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಸಮಾಧಿ ಅಲ್ಲೇ ಇದೆ.

ಆಯುಧದ ಮೇಲೆ ಸರಕಾರದ ಪರವಾನಗಿ ಬಂದದ್ದಕ್ಕೂ ನಮ್ಮ ಸುತ್ತಿನ ಊರುಗಳಿಗೂ ನಂಟಿದೆ. 1857ರಲ್ಲಿ ಹತಾರ ಒಪ್ಪಿಸಬೇಕು ಎಂಬ ಕಾನೂನು ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಊರಿಗೆ ಸೈನ್ಯ ಬಂತು, ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಮರುವರ್ಷ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರ ಬಂಡಾಯದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿ ಸತ್ತದ್ದು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ. ಆದ್ದರಿಂದ ಬಂದೂಕು ಅಂದರೆ ನಮ್ಮಲ್ಲಿ ಮಾನದ ವಸ್ತು. ಗೋಡೆಯ ಮೇಲೆ ತೂಗಿದ್ದರೆ ಮನೆತನದ ಗತ್ತು. ಗುರಿ ಬರುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ.

ಗೊಡಚಿ ಜಾತ್ರೆಯ ಪುಗ್ಗಾ

ಕಾಡತೂಸು ತುಂಬುವುದು ಬಿಟ್ಟರೂ ಗುರಿಯ ಆಸೆ ಬಿಡಲಿಲ್ಲ. ದಾರಿ ತೋರಿಸಿದ್ದು ಗೊಡಚಿ ವೀರಭದ್ರೇಶ್ವರ ಜಾತ್ರೆ. ಪುಗ್ಗಾ ಹೊಡೆಯುವ ಅಂಗಡಿಯಲ್ಲಿ ಪಿಯುಸಿ ಓದುವ ಮಗಳು ಏರ್ ಗನ್ ಹಿಡಿದು ಹತ್ತರಲ್ಲಿ ಏಳು ಒಡೆದಳು. ಪರವಾನಗಿದಾರನಾದ ನಾನು ಒಡೆದದ್ದು ಮೂರು. ಸುತ್ತ ನಿಂತವರು ನಕ್ಕರು. ನನಗೂ ನಗು ಬಂತು.

ಆಗ ವಿಚಾರಿಸಿದೆ. 2016ರ ಆಯುಧ ನಿಯಮಗಳ ಪ್ರಕಾರ 0.177 ಅಳತೆಯ, ಅಂದರೆ 4.5 ಮಿ.ಮೀ.ನ, 20 ಜೂಲ್ ಮೀರದ ಶಕ್ತಿಯ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಗುರುತಿನ ಚೀಟಿ ಕೊಟ್ಟು ಬಿಲ್ಲು ಪಡೆದು ಕೊಳ್ಳಬಹುದು. ಒಲಿಂಪಿಕ್ಸಿನ 10 ಮೀಟರ್ ಪಂದ್ಯವೂ ಇದೇ 4.5 ಮಿ.ಮೀ. ಪೆಲೆಟ್ಟಿನದು. ಮದ್ದಿಲ್ಲ, ಕೇಪಿಲ್ಲ, ತುಂಬುವ ಗೋಜಿಲ್ಲ. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಸಾದಾ ಏರ್ ರೈಫಲ್ ಒಂದನ್ನು ತಂದೆ.

ಗುರಿಯ ಜಾಗ ದನದ ಕೊಟ್ಟಿಗೆಯ ಪಕ್ಕದ ಖಾಲಿ ಅಂಕಣ. ನಿಲ್ಲುವ ಗೆರೆಯಿಂದ ಸರಿಯಾಗಿ 10 ಮೀಟರ್ ಅಳೆದು, ಹಿಂದೆ ಗೊಬ್ಬರದ ಖಾಲಿ ಚೀಲಗಳಲ್ಲಿ ಮಣ್ಣು ತುಂಬಿ ಆಳೆತ್ತರ ಒಟ್ಟಿದೆ. ಅದರ ಹಿಂದೆ ಗೋಡೆ. ಗುರಿಯ ನಡುವು ನೆಲದಿಂದ 1.4 ಮೀಟರ್ ಎತ್ತರ. ಪಂದ್ಯದ ಅಳತೆಯೇ ಅದು. ಪಂದ್ಯದ ರೈಫಲ್ ಕಾಗದದಲ್ಲಿ ಕಪ್ಪು ವೃತ್ತ 30.5 ಮಿ.ಮೀ. ಅಗಲ. ಅದರ ನಡುವೆ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಪೂರ್ತಿ ಪಂದ್ಯ ಅಂದರೆ 60 ಹೊಡೆತ. ನಾನು ದಿನಕ್ಕೆ ಇಪ್ಪತ್ತು ಮಾತ್ರ ಹೊಡೆಯುತ್ತೇನೆ. ಸಂಜೆ ಹಾಲು ಹಿಂಡಿದ ಮೇಲೆ ಅರ್ಧ ಗಂಟೆ.

ವಹಿ ಕಲಿಸಿದ ಪಾಠ

ಕಾಡತೂಸು ತುಂಬುವವರಿಂದ ನಾನು ತೆಗೆದುಕೊಂಡದ್ದು ಅವರ ವಹಿ. ತೂಗು, ಬೇರೆ ಮಾಡು, ಬರೆ. ಇದಕ್ಕೆ ಮದ್ದು ಬೇಕಿಲ್ಲ.

ಮೊದಲು ಪೆಲೆಟ್ ತೂಗಿದೆ. ಅಕ್ಕಸಾಲಿಗರ ಸಣ್ಣ ತಕ್ಕಡಿ ತಂದು ಅಗ್ಗದ ಡಬ್ಬಿಯೊಂದರ ನೂರು ಪೆಲೆಟ್ ಒಂದೊಂದಾಗಿ ಇಟ್ಟೆ. ಒಂದು 0.48 ಗ್ರಾಂ ಬಂದರೆ ಇನ್ನೊಂದು 0.55. ಬಾಯಿ ಸೊಟ್ಟಾದವು ಒಂಬತ್ತು. ಬೀಜ ಆರಿಸಿದಂತೆ ಆರಿಸಿ ಮೂರು ಗುಂಪು ಮಾಡಿದೆ. ಒಂದೇ ಗುಂಪಿನವನ್ನು ಹೊಡೆದಾಗ ಕಾಗದದ ಮೇಲಿನ ತೂತುಗಳು ಹತ್ತಿರ ಹತ್ತಿರ ಬಿದ್ದವು. ಕೂಡಿಸಿ ಹೊಡೆದರೆ ಚದುರಿದವು.

ಎರಡನೆಯದು, ತಪ್ಪು ಎಲ್ಲಿದೆ ಅಂತ ಹುಡುಕುವುದು. ಐದು ಹೊಡೆತ ಒಂದೇ ಕಡೆ ಗುಂಪಾಗಿ ಬಿದ್ದು, ಆ ಗುಂಪು ನಡುವಿನಿಂದ ದೂರ ಇದ್ದರೆ ಕೈ ಸರಿ ಇದೆ, ಸೈಟ್ ತಿರುಗಿಸಬೇಕು. ಐದೂ ಐದು ದಿಕ್ಕಿಗೆ ಬಿದ್ದರೆ ಸೈಟ್ ಮುಟ್ಟಬಾರದು. ಉಸಿರು, ನಿಲುವು, ಟ್ರಿಗರ್ ಎಳೆಯುವ ಬೆರಳು ನೋಡಬೇಕು. ನಾನು ಮೊದಲ ತಿಂಗಳು ದಿನಾ ಸೈಟ್ ತಿರುಗಿಸಿ ಹಾಳು ಮಾಡಿದೆ. ವಹಿಯಲ್ಲಿ ಬರೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ನಾನು ಟ್ರಿಗರನ್ನು ಎಳೆಯುತ್ತಿರಲಿಲ್ಲ, ಜಗ್ಗುತ್ತಿದ್ದೆ.

ಈ ರೂಢಿ ಹೊಲಕ್ಕೂ ಬಂತು. ನಮ್ಮ ಸ್ಪ್ರೇ ಪಂಪಿನ ಎರಡು ನಾಝಲ್ ಒಂದೇ ಸಮ ಬಿಡುತ್ತವೆ ಅಂತ ನಂಬಿದ್ದೆ. ಒಂದು ನಿಮಿಷ ಲೀಟರ್ ಜಗ್ಗಿನಲ್ಲಿ ಹಿಡಿದು ನೋಡಿದೆ. ಹೊಸ ನಾಝಲ್ 600 ಮಿ.ಲೀ., ಹಳೆಯದು 740. ತೂತು ಸವೆದಿತ್ತು. ಹೊಸದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಬಿಟ್ಟರೆ ನಾಝಲ್ ಬದಲಿಸಬೇಕು ಅನ್ನುವುದು ತಿಳಿದವರ ಲೆಕ್ಕ. ನನ್ನದು ಇಪ್ಪತ್ತು ದಾಟಿತ್ತು. ಎಷ್ಟು ಹಂಗಾಮು ಔಷಧಿ ಹಾಗೇ ಸುರಿದೆನೋ! ಮನೆಯಲ್ಲಿ ಕಾಡತೂಸು ತುಂಬಿ ಉಳಿಸಬೇಕು ಅಂದುಕೊಂಡ ರೊಕ್ಕ ಅಲ್ಲಿ ಸೋರುತ್ತಿತ್ತು.

ನೆರೆಯ ಜಿಲ್ಲೆಯ ಹುಡುಗ

"ಹಳ್ಳಿಯವರಿಗೆ ಇದು ಯಾಕ್ರೀ, ಶ್ರೀಮಂತರ ಆಟ" ಅಂತ ಕೆಲವರು ಅಂದರು. ದುಬಾರಿ ಆಟ ಅನ್ನುವುದು ಖರೆ. 2008ರಲ್ಲಿ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾಗೆ ಮನೆಯಲ್ಲೇ ಗುರಿ ಅಂಗಳ ಇತ್ತು. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಮಗ್ಗುಲಿನ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವ. ತಂದೆ ಶಾಲಾ ಮಾಸ್ತರ, ತಾಯಿ ಊರಿನ ಸರಪಂಚೆ. ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ನೌಕರಿ ಮಾಡುತ್ತ ಕಲಿತವ. ಅದೇ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ವಿಶ್ವ ಚಾಂಪಿಯನ್ ಆದಳು. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ಗಾಲಿಕುರ್ಚಿಯಲ್ಲಿ ಕೂತು 2024ರ ಪ್ಯಾರಾಲಿಂಪಿಕ್ಸ್‌ನಲ್ಲಿ ದೇಶದ ಪರವಾಗಿ ಗುರಿ ಹಿಡಿದರು.

ನನ್ನ ಮಗಳು ಅಲ್ಲಿಗೆ ಹೋಗುತ್ತಾಳೆ ಅಂತ ನಾನು ಹೇಳುತ್ತಿಲ್ಲ. ರಜೆಯಲ್ಲಿ ಪಟ್ಟಣದ ತರಬೇತಿ ಕೇಂದ್ರವೊಂದಕ್ಕೆ ಕರೆದೊಯ್ದೆ. ಅಲ್ಲಿನ ಕೋಚ್ ಅವಳ ನಿಲುವು ನೋಡಿ ತಪ್ಪು ತಿದ್ದಿದರು, ವಹಿ ನೋಡಿ ಮೆಚ್ಚಿದರು. ಸಾಕು.

ಹಂದಿಯ ಮಾತು

ಓದುಗರು ಕೇಳಬಹುದು, ಗುರಿ ಕಲಿತೆಯಲ್ಲ, ಹಂದಿ ಕಡಿಮೆ ಆದವೇ? ಇಲ್ಲ. ಏರ್ ರೈಫಲ್ಲಿಗೂ ಹಂದಿಗೂ ಸಂಬಂಧ ಇಲ್ಲ. ಬಂದೂಕಿನ ಪರವಾನಗಿ ಕೂಡ ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ. ಚಿಗರಿಯಂತೂ ಅದರ ಮೊದಲ ಪಟ್ಟಿಯಲ್ಲಿದೆ, ಮುಟ್ಟುವಂತೆಯೇ ಇಲ್ಲ.

ನಮ್ಮ ನಿಜವಾದ ತೊಂದರೆ ಬೇರೆ. ಚುನಾವಣೆ ಬಂದಾಗ ಬಂದೂಕು ಠೇವಣಿ ಇಡಬೇಕು. 2023ರ ವಿಧಾನಸಭೆ ಮತದಾನ ಮೇ 10ಕ್ಕೆ, 2024ರ ಲೋಕಸಭೆಯದು ನಮ್ಮ ಕಡೆ ಮೇ 7ಕ್ಕೆ ಇತ್ತು. ಎರಡೂ ಸಲ ಬೇಸಿಗೆ ಶೇಂಗಾ ಕಾಯಿ ಕಟ್ಟುವ ಹೊತ್ತಿನಲ್ಲೇ ಬಂದೂಕು ಮನೆಯಲ್ಲಿ ಇರಲಿಲ್ಲ. 2024ರಲ್ಲಿ ಮರಳಿ ಪಡೆದಾಗ ನಳಿಗೆಯಲ್ಲಿ ತುಕ್ಕು. ಯಾರನ್ನು ಕೇಳುವುದು? ಬೆಳೆ ರಕ್ಷಣೆಯ ಬಂದೂಕಿಗೆ ಬೆಳೆಯ ಹಂಗಾಮು ನೋಡಿ ತೀರ್ಮಾನಿಸಬೇಕು ಎಂದು ನಾವು ಕೆಲವರು ಸೇರಿ ಬರೆದು ಕೊಟ್ಟಿದ್ದೇವೆ. ಅಲ್ಲಿಯವರೆಗೆ ಹೊಲದ ಸುತ್ತ ಹಳೇ ಸೀರೆ, ಡಬ್ಬಿ ಸಪ್ಪಳ, ರಾತ್ರಿ ಪಾಳಿ. ಇವುಗಳಿಂದ ನಷ್ಟ ಅರ್ಧಕ್ಕೆ ಇಳಿದಿದೆ, ನಿಂತಿಲ್ಲ.

ಈ ಹವ್ಯಾಸ ಹಿಡಿಯುವವರಿಗೆ

* ಖಾಲಿ ಕಾಡತೂಸನ್ನು ಮನೆಯಲ್ಲಿ ತುಂಬಬೇಡಿ, ತುಂಬುವವರಿಂದ ಕೊಳ್ಳಬೇಡಿ. ಯಾರು, ಯಾವ ಮದ್ದು, ಎಷ್ಟು ಹಾಕಿದರು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

* ಅಪ್ಪ, ಅಜ್ಜ ಇಟ್ಟುಹೋದ ಮದ್ದು ಸಿಕ್ಕರೆ ಪರೀಕ್ಷೆ ಮಾಡಲು, ಸುಡಲು ಹೋಗಬೇಡಿ. ಮುಟ್ಟದೆ ಪೊಲೀಸ್ ಠಾಣೆಗೆ ತಿಳಿಸಿ.

* ಬೆಳೆ ರಕ್ಷಣೆ ಬಂದೂಕನ್ನು ಮದುವೆ, ಜಾತ್ರೆಯಲ್ಲಿ ಹಾರಿಸುವುದು ಅಪರಾಧ. 2019ರ ತಿದ್ದುಪಡಿಯಲ್ಲಿ ಇದಕ್ಕೆ ಬೇರೆ ಶಿಕ್ಷೆಯೇ ಇದೆ.

* ಏರ್ ರೈಫಲ್ ಆಟಿಕೆ ಅಲ್ಲ, ಕಣ್ಣು ತೆಗೆಯುತ್ತದೆ. ಹಿಂದೆ ಮಣ್ಣಿನ ಒಡ್ಡು ಇಲ್ಲದೆ ಹೊಡೆಯಬೇಡಿ. ಕಲ್ಲು, ಕಬ್ಬಿಣಕ್ಕೆ ಬಡಿದ ಪೆಲೆಟ್ ತಿರುಗಿ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

* ತುಂಬಿರಲಿ, ಖಾಲಿ ಇರಲಿ, ಮೂತಿ ಯಾವಾಗಲೂ ಮಣ್ಣಿನ ಕಡೆ. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು. ಮಕ್ಕಳು ಒಬ್ಬರೇ ಮುಟ್ಟಬಾರದು, ಬೀಗದಲ್ಲಿ ಇಡಿ.

* ಪೆಲೆಟ್ ಸೀಸದ್ದು, ವಿಷ. ಬಾಯಲ್ಲಿ ಇಟ್ಟುಕೊಳ್ಳಬೇಡಿ, ಮುಟ್ಟಿದ ಕೈ ತೊಳೆದು ಊಟ ಮಾಡಿ. ಬಿದ್ದ ಪೆಲೆಟ್ ಆರಿಸಿ ಡಬ್ಬಿಗೆ ಹಾಕಿ. ಮೇವಿನಲ್ಲಿ ಸೇರಿದರೆ ದನಕ್ಕೆ ಅಪಾಯ.

* ಹಕ್ಕಿ, ಅಳಿಲು, ನಾಯಿಗೆ ಗುರಿ ಇಡಬೇಡಿ. ಕಾಗದ ಸಾಕು. ಕಾಗದ ತಪ್ಪನ್ನು ಮರೆಯದೆ ತೋರಿಸುತ್ತದೆ.

* ಮೊದಲ ದಿನದಿಂದ ವಹಿ ಬರೆಯಿರಿ.

ಡಾಲ್ಡಾ ಡಬ್ಬಿ ಈಗ ನಮ್ಮ ಮನೆಯಲ್ಲಿ ಇಲ್ಲ. ನಲವತ್ಮೂರು ಕಾಡತೂಸು, ಚಮಚ, ಕೈಯಂತ್ರ ಎಲ್ಲವನ್ನೂ ಅದೇ ಅಂಗಡಿಯ ಹಿರಿಯರಿಗೆ ಒಪ್ಪಿಸಿ ಚೀಟಿ ಬರೆಸಿಕೊಂಡು ಬಂದೆ. ಅಪ್ಪನ ವಸ್ತು ಕೊಟ್ಟದ್ದಕ್ಕೆ ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಯಿತು. ಬಂದೂಕಿಗೆ ಎಣ್ಣೆ ಹಚ್ಚಿ ಬೀಗ ಹಾಕಿ ಇಟ್ಟಿದ್ದೇನೆ.

ಯುಗಾದಿಗೆ ಮಾವ ಬಂದಿದ್ದ. ಸಂಜೆ ಮಗಳು ಗುರಿ ಹೊಡೆಯುವುದನ್ನು ಗೋದಲಿಯ ಕಟ್ಟೆ ಮೇಲೆ ಕೂತು ನೋಡುತ್ತಿದ್ದ. ಅವಳೇ ಕೇಳಿದಳು, "ಅಜ್ಜಾ, ನೀ ಒಂದ್ ಹೊಡೀತಿ?"

"ನನ್ನ ಬಲಗೈ ಇಲ್ಲಲ್ಲವ್ವಾ."

"ಎಡಗೈಲೆ ಹೊಡಿ. ಮಣ್ಣಿನ ಚೀಲದ ಮ್ಯಾಲೆ ಊರಿ ಕೊಡ್ತೇನಿ."

ಬಂದೂಕಿನಂಥದ್ದನ್ನು ಮುಟ್ಟದೆ ಅವನಿಗೆ ಮೂವತ್ತು ವರ್ಷದ ಮೇಲಾಗಿತ್ತು. ಎದ್ದು ಬಂದ. ಬಹಳ ಹೊತ್ತು ಹಿಡಿದ. ಐದು ಹೊಡೆದ. ನಾಲ್ಕು ಕಾಗದದ ಅಂಚಿನಲ್ಲಿ ಬಿದ್ದವು, ಒಂದು ಕಪ್ಪು ವೃತ್ತದ ಒಳಗೆ. ಮಗಳು ಆ ಕಾಗದದ ಮೇಲೆ ತಾರೀಖು, ಹೆಸರು ಬರೆದು ಕೊಟ್ಟಳು. ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಊರಿಗೆ ಒಯ್ದ.